ಹುಳುಮನೆಗೆ ಮರಳಿದ ಚುಕ್ಕೆ

ವಿರೂಪಾಕ್ಷಿಪುರ
ಭಾನುವಾರ

ದಯಾನಂದ್ ಸರ್ ಅವರಿಗೆ, ನಿಮ್ಮ ಹಳೆಯ ವಿದ್ಯಾರ್ಥಿನಿ ನವ್ಯಶ್ರೀಯ ನಮಸ್ಕಾರಗಳು.

ಹೋದ ತಿಂಗಳು ನೀವು ಬಂದಿದ್ದಾಗ, ಅಂಗಳದಲ್ಲಿಟ್ಟ ಕನ್ನಡಿ ಚೂರಿನಿಂದ ಕತ್ತಲೆಯ ರೇಷ್ಮೆ ಹುಳುಮನೆಯ ಗೋಡೆಗೆ ಬಿಟ್ಟ ಸೂರ್ಯಬಿಂಬವನ್ನು ತೋರಿಸಿದ್ದೆ. ಅಂಚಿನ ಬಳಿಯ ಕಪ್ಪು ಚುಕ್ಕೆ ಸೂರ್ಯನ ಕಲೆ ಎಂದೆ. ಕಾಂತಶಕ್ತಿ ಗಂಟುಕಟ್ಟಿದ ಕಡೆ ಕಲೆ ಮೂಡುತ್ತದೆಂದು ಕಲಿಸಿದ್ದ ನೀವೇ ನಕ್ಕು, ‘ಕನ್ನಡಿ ಕೊಳೆಯಾಗಿದೆ, ಒರೆಸಮ್ಮ’ ಎಂದಿರಿ.

ಅಂದು ಮೊಟ್ಟೆಯೊಡೆದು ಹುಳು ಬಂದ ದಿನ. ಅಂದಿನಿಂದ ಬೆಳಿಗ್ಗೆ ಸೊಪ್ಪು ಹಾಕಿದ ಮೇಲೆ, ಒಂಬತ್ತಕ್ಕೆ ಸರಿಯಾಗಿ, ಚುಕ್ಕೆಯ ಜಾಗವನ್ನು ಕಾಗದದ ಮೇಲೆ ಗುರುತು ಮಾಡಿದೆ. ಅದು ದಿನವೂ ಒಂದಿಷ್ಟು ಜರುಗುತ್ತಾ, ಎರಡು ವಾರದೊಳಗೆ ಆಚೆ ಅಂಚು ದಾಟಿ ಮರೆಯಾಯಿತು. ಇಪ್ಪತ್ತೇಳನೆಯ ದಿನ ಗೂಡು ಬಿಡಿಸುತ್ತಿದ್ದಾಗ, ಮೊದಲಿನ ಅಂಚಿನಲ್ಲೇ ಮತ್ತೆ ಮೂಡಿತು. ಸೂರ್ಯ ತನ್ನ ಸುತ್ತ ತಾನೇ ತಿರುಗುವುದರಿಂದ ಕಲೆ ಮರಳಿ ಬರುತ್ತದೆ; ಕೊಳೆ ಹೀಗೆ ಸುತ್ತು ಹಾಕಿ ಬರುವುದಿಲ್ಲ ಸರ್.

‘ನಮ್ಗೊಂದು ಬೆಳೆ ಆಗೋದ್ರೊಳ್ಗೆ ಸೂರ್ಯಪ್ಪಂದೂ ಒಂದು ಸುತ್ತು ಆಗೋಯ್ತು ಕಣವ್ವ’ ಎಂದರು ನಮ್ಮತ್ತೆ.

ಗುರುವಾರ ಒಂಬತ್ತಕ್ಕೆ ಬನ್ನಿ. ಕಾಗದಗಳೆಲ್ಲ ಗೋಡೆಯ ಮೇಲಿವೆ. ಈ ಸಲವೂ ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದುಕೊಳ್ಳಬೇಕು. ಹುಳುಮನೆಗೆ ನಾವು ಕೊಳೆ ಬಿಟ್ಟುಕೊಳ್ಳುವುದಿಲ್ಲ. ಕನ್ನಡಿಯನ್ನು ಅಂದೂ ಒರೆಸಿಯೇ ಇಟ್ಟಿದ್ದೆ.

ನಿಮ್ಮ ದಾರಿ ನೋಡುತ್ತಿರುವ,
ನವ್ಯಶ್ರೀ