ಆರಿದ ಚಹಾ ಎದ್ದು ನಿಲ್ಲಲಿ

ಮಾರ್ಚ್ 1, ಶುಕ್ರವಾರ

ಸದ್ಯ, ಶಾಲೆಯ ಹಬ್ಬದಲ್ಲಿ ಗೆದ್ದ ಕವಿಯನ್ನು ಕೂರಿಸುವ ಕುರ್ಚಿ ಈ ಸಲ ಖಾಲಿ ಉಳಿಯಲಿಲ್ಲ. ಎರಡು ವರ್ಷದಿಂದ ಗೆಲ್ಲುವಂಥ ವೆಲ್ಷ್ ಕವಿತೆಯೇ ಬಂದಿರಲಿಲ್ಲ. ಮರಗೆಲಸದ ತರಗತಿಯ ಮಕ್ಕಳು ಮಾಡಿದ ಕುರ್ಚಿ ನನ್ನ ಕೋಣೆಯಲ್ಲೇ ಬಟ್ಟೆ ಹೊದ್ದು ಕೂತಿತ್ತು. ಈ ವರ್ಷವೂ ಹೀಗೇ ಆದರೆ ಕವಿಪಟ್ಟ ಬಿಟ್ಟು ರಸಪ್ರಶ್ನೆ ಇಡೋಣ ಎಂದು ಹೆಡ್‌ಮಾಸ್ಟರ್ ಎಮ್ರಿಸ್ ಹೇಳಿಬಿಟ್ಟಿದ್ದರು.

ಗೆದ್ದವರ ನಿಜವಾದ ಹೆಸರು ನನಗೂ ಗೊತ್ತಿರಲಿಲ್ಲ. ಕವಿತೆಯ ಕೆಳಗೆ ಬರೆದುಕೊಂಡಿದ್ದ ಗುಪ್ತನಾಮವನ್ನಷ್ಟೇ ತೀರ್ಪುಗಾರರು ಕೊಟ್ಟಿದ್ದರು, ಅದನ್ನೇ ವೇದಿಕೆಯಿಂದ ಕೂಗಿದೆ: "ಆರಿದ ಚಹಾ ಎದ್ದು ನಿಲ್ಲಲಿ!" ತುತ್ತೂರಿ ಮೊಳಗಿತು, ಯಾರೂ ಏಳಲಿಲ್ಲ. ಎರಡನೇ ಸಲ ಕೂಗಿದಾಗ ಹಿಂದಿನ ಸಾಲಿನಿಂದ ಯಾರೋ, "ಬಿಸಿ ಮಾಡ್ಕೊಳ್ಳಕ್ಕೆ ಹೋಗಿದೆ ಮಿಸ್" ಅಂದರು. ಸಭಾಂಗಣವೆಲ್ಲ ನಕ್ಕಿತು. ಎಮ್ರಿಸ್ ಗಡಿಯಾರ ನೋಡಿಕೊಂಡರು.

ಮೂರನೇ ಕರೆಗೆ ಶಾನನ್ ಎದ್ದಳು. ಶಾನನ್! ಅವಳ ಮನೆಯಲ್ಲಿ ಬರೀ ಇಂಗ್ಲಿಷ್. ಮೂರು ವರ್ಷ ನನ್ನ ವೆಲ್ಷ್ ತರಗತಿಯಲ್ಲಿ ಬಾಯಿ ಬಿಟ್ಟಿದ್ದೇ "ನಂಗೆ ಬರಲ್ಲ ಮಿಸ್" ಅನ್ನಲು, ಅದೂ ಇಂಗ್ಲಿಷಿನಲ್ಲಿ.

ಆಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ರೇಗಿದೆ. "ಮೊದಲ್ನೇ ಸಲಾನೇ ಏಳೋಕೆ ಏನಾಗಿತ್ತೇ ನಿಂಗೆ? ನನ್ನ ಜೀವಾನೇ ಹೋಗಿತ್ತು."

"ಅದೇ ಹೆಸರು ಬೇರೆ ಯಾರಾದ್ರೂ ಇಟ್ಕೊಂಡಿರ್ಬಹುದು ಅಂದ್ಕೊಂಡೆ ಮಿಸ್. ಎರಡನೇ ಸಲ ಕಾಲೇ ಏಳ್ಲಿಲ್ಲ."

ಅಷ್ಟನ್ನೂ ವೆಲ್ಷ್‌ನಲ್ಲೇ ಹೇಳಿದಳು. ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಹೇಳಿದರೆ ಮತ್ತೆ ಬಾಯಿ ಮುಚ್ಚಿಕೊಂಡಾಳು ಎಂದು ನಾನೂ ತುಟಿಪಿಟಕ್ಕೆನ್ನಲಿಲ್ಲ.