ಸದ್ದಿಲ್ಲದ ಕಾರಿನ ಸದ್ದು

ಅಪ್ಪಾ,

"ಸದ್ದೇ ಮಾಡದ ಗಾಡಿಗೆ ಕಾಯಿಲೆ ಬಂದ್ರೆ ಗೊತ್ತಾಗೋದು ಹೇಗೆ?" ಎಂದು ನನ್ನ ಎಲೆಕ್ಟ್ರಿಕ್ ಕಾರನ್ನು ನೋಡಿ ನಕ್ಕಿದ್ದೆಯಲ್ಲ, ಈ ಬೆಳಿಗ್ಗೆ ಅದಕ್ಕೆ ಉತ್ತರ ಸಿಕ್ಕಿತು.

ಮನೆ ಹತ್ತಿರದ ಚಾರ್ಜರ್ ಮೂರು ದಿನದಿಂದ ಕೆಟ್ಟಿದೆ. ಇನ್ನೊಂದನ್ನು ಹುಡುಕಿಕೊಂಡು, ಚಾರ್ಜ್ ಉಳಿಸಲು ಎ.ಸಿ. ಆರಿಸಿ ಬೆವರುತ್ತಾ ಹೋಗುತ್ತಿದ್ದಾಗ ಹಿಂದಿನ ಚಕ್ರದಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿಸಿತು. ಎಂಜಿನ್ ಇದ್ದಿದ್ದರೆ ಅದರ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ನೇರ ನಿನ್ನ ಗ್ಯಾರೇಜಿಗೆ ಹೋದೆ. ನೀನು ಹೋದ ಮೇಲೆ ಅದನ್ನು ನಡೆಸುತ್ತಿರುವ ನಿನ್ನ ಶಿಷ್ಯ ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ತಿರುಗಿಸಿ, ನಿನ್ನ ಹಾಗೆಯೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚಕ್ರದ ಹಿಂಬದಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದರು.

"ಬೇರಿಂಗ್ ಹೋಗ್ತಾ ಇದೆ. ಇಷ್ಟು ಬೇಗ ಯಾರೂ ಹಿಡಿಯಲ್ಲ ಕಣಮ್ಮ. ಕಿವಿ ಮಾತ್ರ ನಿಮ್ಮಪ್ಪಂದೇ!"

ಮಧ್ಯಾಹ್ನ ಹೊಸ ಬೇರಿಂಗ್ ಹಾಕಿ, ಕೈ ಒರೆಸಿಕೊಳ್ಳುತ್ತಾ, "ಇದರಲ್ಲಿ ನನ್ನನ್ನೂ ಒಂದು ರೌಂಡ್ ಕರ್ಕೊಂಡು ಹೋಗ್ತೀಯಾ?" ಎಂದರು.

ನೀನೂ ಒಮ್ಮೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಇದನ್ನೇ ಕೇಳಿದ್ದೆ. ಚಾರ್ಜ್ ಹದಿನೆಂಟೇ ಪರ್ಸೆಂಟ್ ಇದೆ, ಭಾನುವಾರ ಹೋಗೋಣ ಎಂದು ನಾನು ಹೇಳಿದ್ದೆ.

ಇವತ್ತು ಒಂಬತ್ತು ಇತ್ತು. "ಹತ್ತಿ, ಮಾವ" ಎಂದೆ.

ಹಳೇ ಸೇತುವೆಯವರೆಗೆ ಹೋಗಿ ಬಂದೆವು. ಅವರು ಕಿಟಕಿ ಇಳಿಸಿ, ದಾರಿಯುದ್ದಕ್ಕೂ ಹಿಂದಿನ ಚಕ್ರಕ್ಕೆ ಕಿವಿಗೊಟ್ಟು ಕೂತಿದ್ದರು. ಗಾಳಿಯದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ವಾಪಸು ಬಂದಾಗ ಇನ್ನೂ ಐದು ಉಳಿದಿತ್ತು.

ಈಗ ಕಾರನ್ನು ನಿನ್ನ ಗ್ಯಾರೇಜಿನ ಪ್ಲಗ್ಗಿಗೇ ಸಿಕ್ಕಿಸಿ, ನಿನ್ನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಚಾರ್ಜ್ ಏರುವುದು ಬಹಳ ನಿಧಾನ. ನನಗೂ ಅವಸರವಿಲ್ಲ.