ಅತ್ತೆಯ ಮೆದುಳಿನ ಸೊಸೆಯಂದಿರು

ಪ್ರೀತಿಯ ಅತ್ತೆಗೆ ಬಿಶ್ಕೆಕ್‌ನಿಂದ ಸೊಸೆ ಸೊಂಟ ಬಗ್ಗಿಸಿ ಮಾಡುವ ಸಲಾಂ.

ನಿಮ್ಮ ಮೆದುಳಿನ ಹೊಸ ಸ್ಕ್ಯಾನ್ ಬಂದಿದೆ. ಮಚ್ಚೆಗಳು ಕುಗ್ಗಿವೆ. ನೀವು ನರಿನ್ ಊರಿನ ಮನೆಯಂಗಳದಲ್ಲಿ ಓಡಾಡುತ್ತ, ಕುರಿಗಳನ್ನೂ ಮಾವನವರನ್ನೂ ಒಂದೇ ದನಿಯಲ್ಲಿ ಗದರುತ್ತಿದ್ದೀರಿ ಎಂದು ನಿಮ್ಮ ಮಗ ಹೇಳಿದಾಗಲೇ ಅರ್ಧ ಚಿಂತೆ ಕಳೆದಿತ್ತು. ಉಳಿದರ್ಧ ಇವತ್ತು ಕಳೆಯಿತು. ಆ ನೆಮ್ಮದಿಯಲ್ಲೇ ಈ ಪತ್ರ.

"ದಿನವಿಡೀ ಲ್ಯಾಬಲ್ಲಿ ಇಲಿ ಮೆದುಳು ನೋಡ್ತೀಯಲ್ಲ, ಅದರಲ್ಲೇನೇ ಇದೆ?" ಎಂದು ಹಿಂದೊಮ್ಮೆ ಕೇಳಿದ್ದಿರಿ. ಕೋಶಗಳಿವೆ ಎಂದು ನುಣುಚಿಕೊಂಡಿದ್ದೆ. "ಕೋಶ ಓದಿದ್ದು ಸಾಕು, ನಮ್ಮ ಕಡೆ ಚಹಾಕ್ಕೆ ಉಪ್ಪೆಷ್ಟು ಹಾಕ್ತಾರೆ ಅಂತ ಕಲಿ" ಎಂದಿದ್ದಿರಿ.

ಉತ್ತರ ಈಗ ಕೇಳಿ. ಮೆದುಳೂ ನಿಮ್ಮ ಮನೆಯಂತೆಯೇ. ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ದಿಂಬಿಗೊರಗಿ ಕೂತು ಮಾತಾಡುವವು ನರಕೋಶಗಳು. ಹೆಸರಲ್ಲೇ ನರ ಇದ್ದಾನೆ, ಕೇಳಬೇಕೆ? ಸುದ್ದಿ ಮುಟ್ಟಿಸುವುದು, ತೀರ್ಪು ಹೇಳುವುದು, ಕೀರ್ತಿ, ಎಲ್ಲ ಅವಕ್ಕೆ. ಅವುಗಳ ಸುತ್ತ ಗ್ಲಿಯಾ ಎಂಬ ಕೋಶಗಳಿವೆ. ಇವರು ಸೊಸೆಯಂದಿರು. ಒಬ್ಬಳು ಉಣಿಸುತ್ತಾಳೆ, ಒಬ್ಬಳು ಗುಡಿಸುತ್ತಾಳೆ, ಮತ್ತೊಬ್ಬಳು ನರಗಳ ಉದ್ದನೆಯ ಎಳೆಗಳಿಗೆ ಕೊಬ್ಬಿನ ಹೊದಿಕೆ ಸುತ್ತುತ್ತಾಳೆ, ನಾವು ಯುರ್ತಾ ಗುಡಾರದ ಕೋಲುಗಳಿಗೆ ಉಣ್ಣೆಯ ಕಂಬಳಿ ಹೊದಿಸುವ ಹಾಗೆ. ಹಳೆಯ ಪಂಡಿತರು ಇವರಿಗೆಲ್ಲ ಸೇರಿಸಿ ಗ್ಲಿಯಾ, ಅಂದರೆ ಅಂಟು, ಎಂದು ಹೆಸರಿಟ್ಟು ಮುಂದೆ ಹೋದರು. ಅಂಟಿಲ್ಲದೆ ನಂಟಿಲ್ಲ ಎಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು.

ನಿಮಗೆ ಬಂದಿದ್ದ ಆ ಜ್ವರ ಬಿಟ್ಟ ಮೇಲೆ ತಲೆಯೊಳಗೆ ನಡೆದದ್ದು ಇಷ್ಟು. ಮೈಯ ಕಾವಲುಗಾರರು ದಾರಿತಪ್ಪಿ ಒಳನುಗ್ಗಿದರು. ಗುಡಿಸುವ ಸೊಸೆಯೂ ಅವರ ಜೊತೆ ಸೇರಿಕೊಂಡು, ಕಸ ಯಾವುದು ಕಂಬಳಿ ಯಾವುದು ತಿಳಿಯದೆ, ಎಳೆಗಳ ಹೊದಿಕೆಯನ್ನೇ ಕಿತ್ತೆಸೆದಳು. ಮದುವೆಯ ವರ್ಷ ನಾನು ಮಾವನವರ ಹಲ್ಲುಸೆಟ್ಟನ್ನು ಮೂಳೆಗಳ ಜೊತೆ ನಾಯಿಗೆ ಹಾಕಿದೆನಲ್ಲ, ಹಾಗೆ. ನಿಮ್ಮ ಕಾಲು ತೊಡರಿದ್ದು, ಕಣ್ಣು ಮಂಜಾದದ್ದು ಅದಕ್ಕೇ. ಇಲ್ಲಿನ ಆಸ್ಪತ್ರೆಯ ಡಾಕ್ಟರ್ ಮೆಲಿಸ್ ಔಷಧಿ ಕೊಟ್ಟು ಗಲಾಟೆ ಅಡಗಿಸಿದರು. ಆಮೇಲೊಂದು ಮಧ್ಯಾಹ್ನ ಮನೆಯವರ ಫೋಟೋ ಹಿಡಿದು ನಿಮ್ಮ ನೆನಪನ್ನು ಪರೀಕ್ಷಿಸಿದರು.

ನಾನು ಬರುವಾಗ ನಿಮ್ಮ ಮಗ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದರು. "ಅಮ್ಮಂಗೆ ಯಾರ ಹೆಸರೂ ನೆನಪಿಲ್ಲ ಕಣೇ. ಅಪ್ಪನ್ನ ತೋರಿಸಿದ್ರೆ 'ಮಕ್ಕಳಪ್ಪ' ಅಂದ್ರು. ಬೋಳುತಲೆ ಚಿಕ್ಕಪ್ಪನ್ನ ತೋರಿಸಿದ್ರೆ 'ಗುಂಗುರು ಕೂದಲಿನ ಹುಡುಗ' ಅಂತಾರೆ." ಪಕ್ಕದಲ್ಲಿ ಡಾಕ್ಟರ್ ಮುಖ ಇಳಿಸಿಕೊಂಡಿದ್ದರು. "ರೋಗ ಮಾತಿನ ಜಾಗಕ್ಕೂ ಹಬ್ಬಿರೋ ಹಾಗಿದೆ. ನಾಳೆಯಿಂದ ಇನ್ನೂ ಜೋರಾದ ಔಷಧಿ ಶುರು ಮಾಡ್ಬೇಕು. ಅದನ್ನ ಈ ಮೈ ತಡ್ಕೊಳ್ಳುತ್ತೆ ಅಂತ ಮಾತು ಕೊಡಲಾರೆ."

ಒಂದು ಗಳಿಗೆ ನಾನೂ ನಂಬಿಬಿಟ್ಟೆ. ಮರುಗಳಿಗೆಯೇ ನಗು ಬಂತು ಅತ್ತೆ, ಅದೂ ಆಸ್ಪತ್ರೆಯಲ್ಲಿ. ಇಬ್ಬರೂ ಕಿರ್ಗಿಜ್ ತಾಯಂದಿರು ಹೆತ್ತ ಗಂಡಸರು. ನಮ್ಮ ಪದ್ಧತಿಯಂತೆ ತಾಯಿ ಗಂಡನ ಹೆಸರನ್ನಾಗಲಿ ಅವನ ಕಡೆಯ ಹಿರಿಕಿರಿಯರ ಹೆಸರನ್ನಾಗಲಿ ಜನ್ಮದಲ್ಲಿ ಬಾಯಿಗೆ ತಂದಿಲ್ಲ ಎಂಬುದನ್ನು ಇಬ್ಬರೂ ಗಮನಿಸಿರಲಿಲ್ಲ. ನೀವು ಸೊಸೆಯಾಗಿ ಹೊಸಿಲು ದಾಟಿದಾಗ ಆ ಪುಟ್ಟ ಮೈದುನನಿಗೆ ಗುಂಗುರು ಕೂದಲಿತ್ತು. ಅಂದು ನೀವಿಟ್ಟ ಹೆಸರು ಕೂದಲು ಹೋದರೂ ಹೋಗಲಿಲ್ಲ.

"ಡಾಕ್ಟ್ರೇ, ನಿಮ್ಮ ತಾಯಿ ನಿಮ್ಮ ತಂದೇನ ಏನಂತ ಕರೀತಾರೆ?" ಎಂದೆ.

"'ಏನೂಂದ್ರೆ' ಅಂತಾರೆ," ಎಂದರು ಮೆಲ್ಲಗೆ.

ಡಾಕ್ಟರ್ ಒಳಗೆ ಬಂದು, ಮಾವನವರ ಫೋಟೋ ಹಿಡಿದು, ಇವರ ಹೆಸರು ಯಾವುದೆಂದು ತಾವೇ ಮೂರು ಹೆಸರು ಹೇಳಿದರು (ಸರಿಯಾದುದನ್ನು ಸೊಸೆಯಾದ ನಾನೂ ಇಲ್ಲಿ ಬರೆಯುವಂತಿಲ್ಲ). ಸರಿಯಾದುದಕ್ಕೆ ನೀವು ತಲೆವಸ್ತ್ರ ಎಳೆದುಕೊಂಡು ತಲೆಯಾಡಿಸಿದಿರಿ. ಇನ್ನೊಂದಕ್ಕೆ, "ಅವನು ಪಕ್ಕದ್ಮನೆ ಕುದುರೆ ಕಳ್ಳ. ನನಗ್ಯಾಕೆ ಗಂಟು ಹಾಕ್ತೀಯಪ್ಪ?" ಎಂದಿರಿ. ಡಾಕ್ಟರಿಗೆ ಇನ್ನೂ ಅನುಮಾನ. ನನ್ನತ್ತ ಕೈ ತೋರಿಸಿದರು. "ಇವರ ಹೆಸರು ಹೇಳೋಕೆ ಅಡ್ಡಿ ಇಲ್ವಲ್ಲ?"

ನನ್ನ ನಗು ನಿಂತಿತು. ಮದುವೆಯಾದಂದಿನಿಂದ ನೀವು 'ಏ ಸೊಸೆ' ಎಂದದ್ದೇ ಹೊರತು ಹೆಸರು ಹಿಡಿದು ಕರೆದವರಲ್ಲ. ರೋಗವಿಲ್ಲದಾಗಲೂ ನಿಮಗೆ ನನ್ನ ಹೆಸರು ನೆನಪಿತ್ತೋ ಇಲ್ಲವೋ, ಯಾರಿಗೆ ಗೊತ್ತು? ನೀವು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಿರಿ.

"ಬರ್ಮೆತ್," ಎಂದಿರಿ. "ಚಹಾಕ್ಕೆ ಉಪ್ಪು ಜಾಸ್ತಿ ಹಾಕೋ ಬರ್ಮೆತ್."

ಜೋರಾದ ಔಷಧಿಯ ಮಾತು ಅಲ್ಲಿಗೇ ನಿಂತಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಿಮ್ಮ ಮಾತು ಸುಳ್ಳಲ್ಲ ಅತ್ತೆ, ನನ್ನದೆಲ್ಲ ಉಪ್ಪು ಜಾಸ್ತಿಯೇ, ಕಣ್ಣೀರೂ.

ಈಗ ಹೊದಿಕೆ ಸುತ್ತುವ ಸೊಸೆಯಂದಿರು ಮತ್ತೆ ಕೆಲಸಕ್ಕೆ ಕೂತಿದ್ದಾರೆ. ಹೊಸ ಹೊದಿಕೆ ಹಳೆಯದಕ್ಕಿಂತ ತೆಳ್ಳಗೆ, ಆದರೂ ಸುದ್ದಿ ಸಾಗುತ್ತದೆ. ಅವರನ್ನು ಅವಸರಪಡಿಸಬೇಡಿ. ಸೊಸೆಯಂದಿರ ವಿಷಯದಲ್ಲಿ ಸುಮ್ಮನೆ ಕಾಯುವ ಅಭ್ಯಾಸ ನಿಮಗಿಲ್ಲ, ಬಲ್ಲೆ. ಚೆನ್ನಾಗಿ ನಿದ್ದೆ ಮಾಡಿ, ಹೊಳೆಯವರೆಗೆ ನಡೆದು ಬನ್ನಿ.

ರಜೆಗೆ ಬರುತ್ತೇವೆ. ಚಹಾ ನಾನೇ ಕಾಸುತ್ತೇನೆ, ಉಪ್ಪು ನೀವೇ ಹಾಕಿ. ನಿಮ್ಮ ಒಲೆ ಆರದಿರಲಿ, ತಲೆ ಬೆಚ್ಚಗಿರಲಿ, ಬೈಗುಳ ನಮ್ಮ ಮೇಲೆ ಸದಾ ಇರಲಿ.

ಇಂತಿ ನಿಮ್ಮ ಸೊಸೆ,
ನೀವೇ ಹೇಳಿದಿರಲ್ಲ, ಇನ್ನು ಬರೆಯಲು ಸಂಕೋಚವೇಕೆ,
ಬರ್ಮೆತ್